ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ: ಬೆಳೆ ರಕ್ಷಣೆಯ ಬಂದೂಕಿಗೆ ಪರವಾನಗಿ

ಕಾಡಂಚಿನಲ್ಲಿ ಬೇಸಾಯ ಮಾಡುವ ರೈತನಿಗೆ ಬಿತ್ತನೆಗಿಂತ ಕಾವಲೇ ದೊಡ್ಡ ಕೆಲಸ. ಒಳ್ಳೆಯ ಬೀಜ, ಸಕಾಲದ ಮಳೆ, ಹದವಾದ ಗೊಬ್ಬರ ಎಲ್ಲವೂ ಕೂಡಿಬಂದ ಮೇಲೂ ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಅರ್ಧ ಎಕರೆ ಬೆಳೆಯನ್ನು ನೆಲಸಮ ಮಾಡಿ ಹೋಗಬಲ್ಲದು. ಆದುದರಿಂದಲೇ ನಮ್ಮ ಮಲೆನಾಡು, ಅರೆಮಲೆನಾಡು ಮತ್ತು ಗಡಿನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಒಂದು ಕೋವಿ ಇಂದಿಗೂ ಇದೆ. ಬೇಸಾಯಶಾಸ್ತ್ರದವನಾದ ನಾನು ಕೋವಿಯ ವಿಚಾರ ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಚಾಮರಾಜನಗರ ಜಿಲ್ಲೆಯ ಗಡಿಯ ಹಳ್ಳಿಯೊಂದರಲ್ಲಿ ಮುಸುಕಿನ ಜೋಳದ ಕ್ಷೇತ್ರೋತ್ಸವ ನಡೆಯಿತು. ತೆನೆಯಲ್ಲಿ ರೇಷ್ಮೆ ಮೂಡಿದ ಸುಮಾರು ಮೂರು ವಾರಕ್ಕೆ ಕಾಳು ಹಾಲುಗಟ್ಟುತ್ತದೆ, ಆಗಿನಿಂದ ಕಾಳು ಬಲಿಯುವವರೆಗೆ ಹಂದಿಯ ಕಾಟ ಹೆಚ್ಚು, ಆ ದಿನಗಳಲ್ಲಿ ರಾತ್ರಿ ಕಾವಲು ತಪ್ಪಿಸಬೇಡಿ ಎಂದು ನಾನು ಹೇಳಿದೆ. ಸಭೆ ಮುಗಿದ ಮೇಲೆ ಒಬ್ಬ ರೈತರು ಬಂದು, "ಕಾಯಿ ಅಂದ್ರಲ್ಲ ಸ್ವಾಮಿ, ಏನಿಟ್ಕೊಂಡು ಕಾಯ್ಲಿ?" ಎಂದು ಕೇಳಿದರು. ಅವರ ಮನೆ ಕರ್ನಾಟಕದಲ್ಲಿ. ನಾಲ್ಕು ಎಕರೆ ಜಮೀನು ಮಾತ್ರ ಗಡಿಯಾಚೆ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿಯಲ್ಲಿ. ನಾನು ತಮಟೆ, ಬೆಂಕಿ, ಬೇಲಿ ಎಂದು ಏನೇನೋ ಹೇಳಿ ಜೀಪು ಹತ್ತಿದೆ.

ಮುಂದಿನ ತಿಂಗಳು ಸುದ್ದಿ ಬಂತು. ಅವರು ತಂದೆಯ ಒಂಟಿ ನಳಿಗೆಯ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ, ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ಗಡಿಯ ಚೆಕ್‌ಪೋಸ್ಟಿನಲ್ಲಿ ತಪಾಸಣೆಯಾಯಿತು. ಬಂದೂಕು ಜಪ್ತಿಯಾಯಿತು, ಮೊಕದ್ದಮೆ ಬಿತ್ತು. ಅವರು ವಕೀಲರ ಮನೆಗೆ ಅಲೆಯುತ್ತಿದ್ದ ವಾರದಲ್ಲೇ ಜೋಳವೂ ಹೋಯಿತು. "ಲೈಸೆನ್ಸ್ ಇತ್ತಲ್ಲ ಸ್ವಾಮಿ!" ಎಂಬುದೊಂದೇ ಅವರ ಮಾತು. ಲೈಸೆನ್ಸ್ ಇದ್ದುದು ನಿಜ. ಆದರೆ ಅದು ಇದ್ದುದು ತಂದೆಯ ಹೆಸರಿನಲ್ಲಿ, ಊರ್ಜಿತವಿದ್ದುದು ಚಾಮರಾಜನಗರ ಜಿಲ್ಲೆಗೆ ಮಾತ್ರ. ಇಂತಹ ಅವಸ್ಥೆ ಇವರೊಬ್ಬರದೇ ಅಲ್ಲ. ವಯನಾಡಿನಿಂದ ಬಂದು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಕಡೆ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುವವರು, ದಕ್ಷಿಣ ಕನ್ನಡದಲ್ಲಿ ಮನೆಯಿದ್ದು ಕಾಸರಗೋಡಿನಲ್ಲಿ ತೋಟವಿರುವವರು, ಬೆಳಗಾವಿಯ ಗಡಿಯಲ್ಲಿ ಮಹಾರಾಷ್ಟ್ರದ ಕಡೆ ಕಬ್ಬಿನ ಗದ್ದೆಯಿರುವವರು, ಎಲ್ಲರಿಗೂ ಇದೇ ಪ್ರಶ್ನೆ ಏಳುತ್ತದೆ.

ಪರವಾನಗಿ ಎಂದರೇನು?

ನಮ್ಮ ದೇಶದಲ್ಲಿ ಬಂದೂಕನ್ನು ಪಡೆಯಲು, ಇಟ್ಟುಕೊಳ್ಳಲು, ಹೊತ್ತೊಯ್ಯಲು 1959ರ ಆಯುಧ ಕಾಯಿದೆಯ 3ನೆಯ ಕಲಮಿನಂತೆ ಪರವಾನಗಿ ಇರಲೇಬೇಕು. ಕಾಯಿದೆ ಕೇಂದ್ರದ್ದು, ಇಡೀ ದೇಶಕ್ಕೆ ಒಂದೇ. ಅದರ ವಿವರಗಳು 2016ರ ಆಯುಧ ನಿಯಮಗಳಲ್ಲಿವೆ. ಇವು ಬಂದ ಮೇಲೆ 1962ರ ಹಳೆಯ ನಿಯಮಗಳು ರದ್ದಾದವು. ಕಾಯಿದೆ ಒಂದೇ ಆದರೂ ಪರವಾನಗಿ ಕೊಡುವ ಅಧಿಕಾರ ಜಿಲ್ಲೆಯ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಸೇರಿದ್ದು. ಪೊಲೀಸ್ ಕಮಿಷನರು ಇರುವ ನಗರಗಳಲ್ಲಿ ಆ ಅಧಿಕಾರ ಅವರದು.

ಪರವಾನಗಿಯ ಪುಸ್ತಕವನ್ನು ಬಿಡಿಸಿ ನೋಡಿರಿ. ಅದರಲ್ಲಿ ಹೆಸರಿದೆ, ಬಂದೂಕಿನ ವರ್ಣನೆ ಮತ್ತು ಸಂಖ್ಯೆ ಇದೆ, ಎಷ್ಟು ತೋಟೆ ಇಟ್ಟುಕೊಳ್ಳಬಹುದೆಂದಿದೆ, ಯಾವ ದಿನಾಂಕದವರೆಗೆ ಎಂದಿದೆ, ಯಾವ ಪ್ರದೇಶದಲ್ಲಿ ಊರ್ಜಿತ ಎಂದೂ ಇದೆ. ನಮ್ಮ ರೈತರು ಮೊದಲ ನಾಲ್ಕನ್ನು ನೋಡುತ್ತಾರೆ, ಐದನೆಯದನ್ನು ನೋಡುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು ಹೇಗೋ ಪರವಾನಗಿಯಲ್ಲಿ ಪ್ರದೇಶದ ಅಂಕಣ ಹಾಗೆ. ಒಂದು ಸರ್ವೆ ನಂಬರಿನ ಪಹಣಿ ತೋರಿಸಿ ಪಕ್ಕದ ನಂಬರಿನಲ್ಲಿ ಉಳಲು ಬರುವುದಿಲ್ಲವಷ್ಟೆ?

ಪ್ರದೇಶ ಮೀರಿ ಬಂದೂಕು ಒಯ್ಯುವುದು ಪರವಾನಗಿಯ ಷರತ್ತನ್ನು ಮುರಿದಂತೆ. ಕಲಂ 30ರ ಪ್ರಕಾರ ಷರತ್ತು ಮುರಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪರವಾನಗಿಯೇ ಇಲ್ಲದವನ ಕೈಯಲ್ಲಿ ಬಂದೂಕು ಸಿಕ್ಕಿದರೆ ಪರಿಣಾಮ ಇನ್ನೂ ಕಠಿಣ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆ ಮತ್ತು ದಂಡ. ಮೇಲೆ ಹೇಳಿದ ರೈತರು ಮೊದಲನೆಯ ತಪ್ಪನ್ನಷ್ಟೇ ಮಾಡಿದೆನೆಂದು ತಿಳಿದಿದ್ದರು. ಪರವಾನಗಿ ತಂದೆಯದಾದ್ದರಿಂದ ಅವರು ಎರಡನೆಯದಕ್ಕೂ ಸಿಕ್ಕಿಬಿದ್ದರು.

ಮನೆಯವರು ಬಂದೂಕು ಮುಟ್ಟಬಹುದೆ?

ಹಳ್ಳಿಯಲ್ಲಿ ಬಂದೂಕು ಮನೆಯ ಆಸ್ತಿ. ಕಾಯಿದೆಯ ಕಣ್ಣಿಗೆ ಅದು ಒಬ್ಬ ವ್ಯಕ್ತಿಯ ಜವಾಬ್ದಾರಿ. ಕಲಂ 3ರಲ್ಲಿ ಒಂದೇ ಒಂದು ಸಡಿಲಿಕೆ ಇದೆ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನು ಬರೆದುಕೊಟ್ಟ ಅಧಿಕಾರ ಪತ್ರದ ಮೇಲೆ ಬೇರೊಬ್ಬನು ಬಂದೂಕನ್ನು ಒಯ್ಯಬಹುದು. ಅದೂ ರಿಪೇರಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಅಥವಾ ಪರವಾನಗಿದಾರನೇ ಉಪಯೋಗಿಸುವುದಕ್ಕಾಗಿ ಮಾತ್ರ. ತಂದೆ ಹೊಲದಲ್ಲಿ ಅಟ್ಟಣೆಯ ಮೇಲೆ ಕುಳಿತಿದ್ದು, ಮಗ ಅವರ ಜೊತೆಗೆ ಬಂದೂಕು ಹೊತ್ತು ನಡೆದರೆ ಅಡ್ಡಿಯಿಲ್ಲ. ತಂದೆ ಮನೆಯಲ್ಲಿ ಮಲಗಿದ್ದು, ಮಗ ತಾನೇ ಕಾಯಲು ಒಯ್ದರೆ ಅದು ಅಪರಾಧ. ಕೂಲಿಯಾಳಿನ ಕೈಗೆ ಕೊಟ್ಟು ಕಳಿಸುವುದಂತೂ ಕೂಡಲೇ ಕೂಡದು.

ತಂದೆಗೆ ವಯಸ್ಸಾಗಿದ್ದರೆ ದಾರಿ ಇದೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಅವನು ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಯಾವುದು ಮೊದಲೋ ಅದರಂತೆ, ಬಂದೂಕನ್ನು ವಾರಸುದಾರನ ಹೆಸರಿಗೆ ಕೊಡಲು 2016ರ ನಿಯಮಗಳು ಅವಕಾಶ ನೀಡಿವೆ. ವಾರಸುದಾರನಿಗೆ 21 ವರ್ಷ ತುಂಬಿರಬೇಕು. ಬೇರೆ ಅರ್ಜಿದಾರರಿಗೆ ಇರುವ ಅರ್ಹತೆಗಳೆಲ್ಲ ಅವನಿಗೂ ಇರಬೇಕು. ಆ ತಂದೆಗೆ ಆಗಲೇ 74 ವರ್ಷ. ನಾಲ್ಕು ವರ್ಷ ಮೊದಲೇ ಈ ಕೆಲಸ ಮಾಡಿಸಬಹುದಿತ್ತು. ಪರವಾನಗಿದಾರರು ತೀರಿಕೊಂಡ ಪಕ್ಷದಲ್ಲಿ ಬಂದೂಕನ್ನು ಅಟ್ಟದ ಮೇಲೆ ಇಟ್ಟು ಸುಮ್ಮನಿರಬಾರದು. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಾಗಲಿ ಠೇವಣಿ ಇಟ್ಟು ರಸೀದಿ ಪಡೆದು, ನಂತರ ವಾರಸುದಾರರು ಅರ್ಜಿ ಹಾಕತಕ್ಕದ್ದು. ತಿಥಿ ಮುಗಿಯುವುದರೊಳಗೆ ಈ ಕೆಲಸವನ್ನು ನೆನೆಯುವ ಮನೆಗಳು ಬಹಳ ಕಡಿಮೆ.

ಬೆಳೆ ರಕ್ಷಣೆಗೆ ಪ್ರತ್ಯೇಕ ಪರವಾನಗಿ

ಕಾಯಿದೆ ಮಾಡಿದವರು ರೈತನನ್ನು ಮರೆತಿಲ್ಲ. ಕಲಂ 13ರಲ್ಲಿ ಬೆಳೆ ರಕ್ಷಣೆಯ ಮಾತು ನೇರವಾಗಿಯೇ ಬಂದಿದೆ. ನಿಜವಾದ ಬೆಳೆ ರಕ್ಷಣೆಗಾಗಿ ಕೇಳಿದರೆ, ನಳಿಗೆಯ ಬಾಯಿಯಿಂದ ಮದ್ದು ಜಡಿದು ಹೊಡೆಯುವ ಬಂದೂಕಿಗೆ ಪರವಾನಗಿ ಕೊಡಬೇಕೆಂದು ಅದು ಹೇಳುತ್ತದೆ. ಜಡಿಯುವ ಬಂದೂಕು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ಬಂದೂಕನ್ನೂ ಕೊಡಬಹುದು. ನಾವು 12 ಬೋರ್ ಎನ್ನುವ ತೋಟೆ ಬಂದೂಕು ಈ ಜಾತಿಯದು. ಆಸ್ತಿ ಸಾಕಷ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಕೂಡದೆಂದು ಕಲಂ 14 ಹೇಳುತ್ತದೆ. ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಇದು ಒಂದೇ.

ಸ್ವರಕ್ಷಣೆ ಮತ್ತು ಕ್ರೀಡೆಗೆ ಕೊಡುವ ಪರವಾನಗಿ ನಮೂನೆ 3ರಲ್ಲಿರುತ್ತದೆ. ಮನುಷ್ಯರಿಗೆ, ದನಕರುಗಳಿಗೆ ಅಪಾಯ ಮಾಡುವ, ಬೆಳೆಗೆ ಹಾನಿ ಮಾಡುವ ಕಾಡುಪ್ರಾಣಿಗಳ ನಿವಾರಣೆಗೆ ಕೊಡುವುದು ನಮೂನೆ 4ರಲ್ಲಿ. ಈ ನಮೂನೆ 4ರ ಪರವಾನಗಿ ಹೊಲಕ್ಕೆ ಅಂಟಿಕೊಂಡದ್ದು. ಅರ್ಜಿಯಲ್ಲೇ ಜಮೀನು ಎಲ್ಲಿದೆ, ಎಷ್ಟು ವಿಸ್ತೀರ್ಣದಲ್ಲಿ ಸಾಗುವಳಿ ಇದೆ ಎಂಬುದನ್ನು ಬರೆಯಬೇಕು. ಅದನ್ನು ಹಿಡಿದುಕೊಂಡು ನೆಂಟರ ಮದುವೆಗೆ ಹೋಗುವಂತಿಲ್ಲ, ಇನ್ನೊಂದು ತಾಲ್ಲೂಕಿನ ಸ್ನೇಹಿತನ ತೋಟ ಕಾಯಲೂ ಬರುವಂತಿಲ್ಲ. ಆದುದರಿಂದ ಹೊಲ ಬೇರೆ ರಾಜ್ಯದಲ್ಲಿದ್ದವರು ಈ ಕಡೆಯ ನಮೂನೆ 4ರ ಪರವಾನಗಿಯನ್ನು ಆ ಕಡೆಗೆ ಹಿಗ್ಗಿಸಲು ಯತ್ನಿಸುವುದರಲ್ಲಿ ಅರ್ಥವಿಲ್ಲ.

ಬೇರೆ ರಾಜ್ಯದವನು ಎಲ್ಲಿ ಅರ್ಜಿ ಹಾಕಬೇಕು?

ಈ ಲೇಖನದ ಮುಖ್ಯ ವಿಷಯ ಇದು. "ನೀನು ನಮ್ಮ ಜಿಲ್ಲೆಯವನಲ್ಲ, ನಿನ್ನ ಊರಿಗೆ ಹೋಗು" ಎಂದು ಆ ಕಡೆಯ ಗುಮಾಸ್ತರು, "ಜಮೀನು ನಮ್ಮಲ್ಲಿಲ್ಲವಲ್ಲ, ಅಲ್ಲಿಗೇ ಹೋಗು" ಎಂದು ಈ ಕಡೆಯ ಗುಮಾಸ್ತರು ಹೇಳುವುದು ಸಾಮಾನ್ಯ. ಅರ್ಜಿಯನ್ನು ಸಾಧ್ಯವಾದಷ್ಟೂ ಅರ್ಜಿದಾರನು ಸಾಮಾನ್ಯವಾಗಿ ವಾಸಿಸುವ ಸ್ಥಳದ ಅಥವಾ ಅವನ ಉದ್ಯೋಗವಿರುವ ಸ್ಥಳದ ಪರವಾನಗಿ ಅಧಿಕಾರಿಗೆ ಸಲ್ಲಿಸಬೇಕೆಂಬುದು ನಿಯಮ. ಈ "ಅಥವಾ" ಎಂಬ ಪದ ಗಡಿಯ ರೈತನ ಪಾಲಿಗೆ ಬಹಳ ಬೆಲೆಯುಳ್ಳದ್ದು. ಬೇಸಾಯವೂ ಉದ್ಯೋಗವೇ. ತಾಳವಾಡಿಯಲ್ಲಿ ಉಳುವವನು ಈರೋಡಿನಲ್ಲಿ ಅರ್ಜಿ ಹಾಕಬಹುದು, ಗುಂಡ್ಲುಪೇಟೆಯಲ್ಲಿ ಬೆಳೆಯುವ ವಯನಾಡಿನವನು ಚಾಮರಾಜನಗರದಲ್ಲಿ ಹಾಕಬಹುದು. ಅರ್ಜಿಗೆ ಲಗತ್ತಿಸುವ ಪತ್ರದಲ್ಲಿ ಈ ಆಧಾರವನ್ನು ಸ್ಪಷ್ಟವಾಗಿ ಬರೆಯಿರಿ. ಬಾಯಲ್ಲಿ ಹೇಳಿದ್ದು ಕಡತದಲ್ಲಿ ಉಳಿಯುವುದಿಲ್ಲ.

ಅರ್ಜಿಯ ನಮೂನೆ ಎ-1. ಈಗ ಕೇಂದ್ರ ಗೃಹ ಇಲಾಖೆಯ ಗಣಕ ಜಾಲದ ಮೂಲಕವೇ ಅರ್ಜಿ ಸಲ್ಲುತ್ತದೆ, ಪ್ರತಿಯೊಬ್ಬ ಪರವಾನಗಿದಾರನಿಗೂ ದೇಶಕ್ಕೆಲ್ಲ ಒಂದೇ ಆದ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಒಂದು ರಾಜ್ಯದ ಪರವಾನಗಿಯನ್ನು ಮುಚ್ಚಿಟ್ಟು ಇನ್ನೊಂದು ರಾಜ್ಯದಲ್ಲಿ ಮತ್ತೊಂದು ಪಡೆಯುವ ಹಳೆಯ ಜಾಣತನ ಇನ್ನು ನಡೆಯದು. ಈಗಾಗಲೇ ಪರವಾನಗಿ ಇದ್ದರೆ ಅದನ್ನು ಅರ್ಜಿಯಲ್ಲಿ ತೋರಿಸಲೇಬೇಕು. 2019ರ ತಿದ್ದುಪಡಿಯಂತೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದು, ಮೊದಲು ಮೂರಕ್ಕೆ ಅವಕಾಶವಿತ್ತು. ಪಿತ್ರಾರ್ಜಿತ ಬಂದೂಕೂ ಈ ಲೆಕ್ಕಕ್ಕೆ ಸೇರುತ್ತದೆ.

ಲಗತ್ತುಗಳಲ್ಲಿ ಗುರುತು ಮತ್ತು ವಾಸದ ಪುರಾವೆ, ಭಾವಚಿತ್ರಗಳು, ವೈದ್ಯರ ಪ್ರಮಾಣಪತ್ರ, ಬಂದೂಕಿನ ಸುರಕ್ಷಿತ ಬಳಕೆಯ ತರಬೇತಿ ಪತ್ರ, ಅದನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ ಮುಖ್ಯವಾದವು. ಬೇರೆ ರಾಜ್ಯದವನಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಜಮೀನಿನ ದಾಖಲೆ. ಕರ್ನಾಟಕದ ಜಮೀನಿಗೆ ಪಹಣಿ. ತಮಿಳುನಾಡಿನಲ್ಲಿ ಪಟ್ಟಾ, ಚಿಟ್ಟಾ ಮತ್ತು ಗ್ರಾಮ ಆಡಳಿತ ಅಧಿಕಾರಿ ಕೊಡುವ ಅಡಂಗಲ್. ಮಹಾರಾಷ್ಟ್ರದಲ್ಲಿ ಸಾತ್-ಬಾರಾ. ಕೇರಳದಲ್ಲಿ ಭೂಕಂದಾಯದ ರಸೀದಿ ಮತ್ತು ಗ್ರಾಮ ಕಚೇರಿಯ ಸ್ವಾಧೀನ ಪ್ರಮಾಣಪತ್ರ. ಅಡಂಗಲ್ ಅಥವಾ ಪಹಣಿಯಲ್ಲಿ ಆ ಸಾಲಿನ ಬೆಳೆ ನಮೂದಾಗಿರುವಂತೆ ನೋಡಿಕೊಳ್ಳಿ. ಬೆಳೆಯ ಅಂಕಣ ಖಾಲಿಯಿದ್ದರೆ "ಯಾವ ಬೆಳೆಯ ರಕ್ಷಣೆ?" ಎಂಬ ಪ್ರಶ್ನೆ ಬರುವುದು ನ್ಯಾಯವೇ. ಹಿಂದಿನ ವರ್ಷಗಳಲ್ಲಿ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಿದ್ದರೆ ಆ ಅರ್ಜಿಯ ಅಥವಾ ಆದೇಶದ ನಕಲು ಅತ್ಯುತ್ತಮ ಸಾಕ್ಷಿ. ಹತ್ತು ಜನರ ಸಹಿಯ ಮಹಜರಿಗಿಂತ ಆ ಒಂದು ಕಾಗದ ಮೇಲು.

ಗುತ್ತಿಗೆ ರೈತರ ತೊಡಕು ಬೇರೆ. ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಯಂತೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಶುಂಠಿ ಬೆಳೆಯುವವರ ಒಪ್ಪಂದಗಳೆಲ್ಲ ಬಾಯಿಮಾತಿನವು ಅಥವಾ ಛಾಪಾ ಕಾಗದದ ಮೇಲೆ ಬರೆದ, ದಾಖಲೆಗೆ ಬಾರದ ಕರಾರುಗಳು. ಇಂತಹ ಕಾಗದ ಹಿಡಿದು ಬಂದೂಕು ಕೇಳಿದರೆ ಬಂದೂಕೂ ಸಿಗದು, ಕರಾರಿನ ಗುಟ್ಟೂ ಬಯಲಾಗುತ್ತದೆ. ಜಮೀನಿನ ಒಡೆಯನೇ ಅರ್ಜಿ ಹಾಕಿ, ತಾನೇ ಹೊಲದಲ್ಲಿ ಹಾಜರಿದ್ದು ಕಾಯಬೇಕು. ಅದು ಆಗದಿದ್ದರೆ ಬಂದೂಕಿನ ಯೋಚನೆ ಬಿಟ್ಟು ಬೇರೆ ಉಪಾಯ ನೋಡುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ಅರ್ಜಿ ಬಂದ ಮೇಲೆ ಅಧಿಕಾರಿ ಹತ್ತಿರದ ಪೊಲೀಸ್ ಠಾಣೆಯ ವರದಿ ತರಿಸುತ್ತಾರೆ. ಬೇರೆ ರಾಜ್ಯದವನಾದರೆ ಅವನ ವಾಸಸ್ಥಳದ ಠಾಣೆಯಿಂದಲೂ ಮಾಹಿತಿ ಕೇಳಬಹುದು, ಆದ್ದರಿಂದ ತಡವಾಗುವುದು ಸಹಜ. ನಿಗದಿತ ಕಾಲದೊಳಗೆ ಪೊಲೀಸ್ ವರದಿ ಬಾರದಿದ್ದರೆ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯಿದೆ ಕೊಟ್ಟಿದೆ, ಆದರೆ ಅದನ್ನು ಉಪಯೋಗಿಸುವ ಅಧಿಕಾರಿಗಳು ವಿರಳ. ಮುಂಗಾರಿನ ಬೆಳೆಗೆ ಬಂದೂಕು ಬೇಕಿದ್ದರೆ ಹಿಂದಿನ ವರ್ಷದ ಸುಗ್ಗಿಯಲ್ಲೇ ಅರ್ಜಿ ಹಾಕಿರಿ. ತಿರಸ್ಕರಿಸಿದಲ್ಲಿ ಕಾರಣವನ್ನು ಬರೆದು ದಾಖಲಿಸಬೇಕು, ಸಾರ್ವಜನಿಕ ಹಿತಕ್ಕೆ ಬಾಧಕವೆಂದು ಭಾವಿಸಿದ ಸಂದರ್ಭವನ್ನು ಬಿಟ್ಟರೆ ಕೇಳಿದವನಿಗೆ ಅದನ್ನು ಕೊಡಬೇಕು. ಕಲಂ 18ರಂತೆ ಮೇಲ್ಮನವಿಗೂ ಅವಕಾಶವಿದೆ. ಗುಮಾಸ್ತರ ಬಾಯಿಮಾತಿನ "ಆಗೋದಿಲ್ಲ" ಎಂಬುದು ಆದೇಶವಲ್ಲ. ಬರಹದಲ್ಲಿ ಪಡೆಯಿರಿ.

ಕಾಡಿಗೆ ಹತ್ತು ಕಿಲೋಮೀಟರಿನ ಒಳಗೆ

ಇಲ್ಲಿ ಎಷ್ಟೋ ಅರ್ಜಿಗಳು ನಿಂತುಹೋಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ ಅಭಯಾರಣ್ಯದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಬಂದೂಕು ಪರವಾನಗಿ ಕೊಡಬೇಕಾದರೆ ಆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಮುಂಚಿತವಾಗಿ ದೊರೆತಿರಬೇಕು. ಅಲ್ಲಿ ವಾಸಿಸುವ ಹಳೆಯ ಪರವಾನಗಿದಾರರೂ ತಮ್ಮ ಹೆಸರು ನೋಂದಾಯಿಸಿಕೊಳ್ಳಬೇಕು. ಅಪ್ಪಣೆಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡಕೂಡದು. ತಾಳವಾಡಿಯನ್ನೇ ನೋಡಿರಿ. ಒಂದು ಕಡೆ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು, ಇನ್ನೊಂದು ಕಡೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡು. ಹಂದಿಯ ಕಾಟ ಎಲ್ಲಿ ಹೆಚ್ಚೋ ಅಲ್ಲೇ ಬಂದೂಕು ಸಿಗುವುದು ಕಷ್ಟ ಎಂದು ರೈತರು ಆಡಿಕೊಳ್ಳುವುದರಲ್ಲಿ ಸುಳ್ಳಿಲ್ಲ. ಆದರೆ ಅದೇ ಬಂದೂಕು ಕಳ್ಳಬೇಟೆಗೆ ಹೋದದ್ದೂ ಸುಳ್ಳಲ್ಲ.

ದಾರಿಯಲ್ಲಿ ಮತ್ತು ಮನೆಯಲ್ಲಿ

ನಮೂನೆ 3ರ ಪರವಾನಗಿಯುಳ್ಳವರು ಪ್ರದೇಶ ವಿಸ್ತರಣೆಗೆ ಅರ್ಜಿ ಹಾಕಿಕೊಳ್ಳಬಹುದು. ಒಂದು ಜಿಲ್ಲೆಯಿಂದ ಇಡೀ ರಾಜ್ಯಕ್ಕೆ ವಿಸ್ತರಿಸುವುದು ಅಷ್ಟು ಕಷ್ಟವಲ್ಲ. ಹೊರರಾಜ್ಯವನ್ನು ಸೇರಿಸುವುದು ಸರ್ಕಾರದ ಮಟ್ಟದ ಕೆಲಸ, ಅರ್ಜಿ ಜಿಲ್ಲಾಧಿಕಾರಿಗಳ ಮೂಲಕ ಮೇಲಕ್ಕೆ ಹೋಗಬೇಕು. ಹೊಲದ ದಾಖಲೆಯಿದ್ದು, ವಾರಕ್ಕೆ ಎರಡು ಬಾರಿ ಗಡಿ ದಾಟುವವನು ಎಂದು ತೋರಿಸಬಲ್ಲವರು ಕೇಳಿ ನೋಡಬಹುದು. ಮನೆಯನ್ನೇ ಬದಲಿಸಿ ಬಂದೂಕಿನೊಡನೆ ಬೇರೆಡೆಗೆ ಹೋದವರು 30 ದಿನಗಳೊಳಗೆ ಪರವಾನಗಿ ಅಧಿಕಾರಿಗೆ ತಿಳಿಸಬೇಕೆಂಬುದನ್ನೂ ಮರೆಯಬಾರದು.

ಎರಡು ರಾಜ್ಯದವರಿಗೆ ನಾನು ಹೇಳುವುದು ಇಷ್ಟು: ಬಂದೂಕು ಹೊಲ ಇರುವ ಕಡೆಯೇ ಇರಲಿ. ಪರವಾನಗಿ ಅಲ್ಲಿಯದು, ಬಂದೂಕು ಅಲ್ಲಿಯದು. ಹಂಗಾಮು ಮುಗಿದ ಮೇಲೆ ಅದನ್ನು ಹೊಲದ ಗುಡಿಸಿಲಿನಲ್ಲಿ ಬಿಟ್ಟು ಬರಬಾರದು, ಮನೆಗೆ ತರಲೂಬಾರದು. ಅದೇ ಜಿಲ್ಲೆಯ ಅಧಿಕೃತ ವ್ಯಾಪಾರಿಯಲ್ಲಿ ಅಥವಾ ಠಾಣೆಯಲ್ಲಿ ಸುರಕ್ಷೆಗಾಗಿ ಒಪ್ಪಿಸಿ ರಸೀದಿ ಇಟ್ಟುಕೊಳ್ಳುವುದು. ಕಳುವಾದ ಬಂದೂಕಿನಿಂದ ಎಲ್ಲೋ ನಡೆದ ಅನಾಹುತಕ್ಕೆ ಉತ್ತರ ಹೇಳುವ ಪಾಡು ಯಾರಿಗೂ ಬೇಡ. ಚುನಾವಣೆ ಬಂದಾಗ ಬಂದೂಕು ಠೇವಣಿಗೆ ಆದೇಶವಾದರೆ, ಬೆಳೆ ನಿಂತಿರುವ ಕಾಲವಾದಲ್ಲಿ ವಿನಾಯಿತಿ ಕೋರಿ ಕೂಡಲೇ ಲಿಖಿತ ಅರ್ಜಿ ಕೊಡಿರಿ. ಇಂತಹ ಅರ್ಜಿಗಳನ್ನು ನೋಡಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಪರವಾನಗಿಯ ಅವಧಿ ಮೊದಲು 3 ವರ್ಷವಿತ್ತು, 2019ರಿಂದ 5 ವರ್ಷವಾಗಿದೆ. ಅವಧಿ ದೀರ್ಘವಾದಷ್ಟೂ ಮರೆವು ಹೆಚ್ಚು. ಮುಗಿಯುವ ಎರಡು ಮೂರು ತಿಂಗಳು ಮುಂಚೆಯೇ ನವೀಕರಣಕ್ಕೆ ಹಾಕಿರಿ.

ಕೊಡಗಿನ ವಿಚಾರ ಕೇಳುವವರಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1861ರಿಂದ, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿಗೂ ಗಡಿಯುಂಟು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು ಮತ್ತು ಒಂದು ಸಾದಾ ನಳಿಗೆಯ ಬಂದೂಕು, ಇದಕ್ಕೆ ಮೀರುವಂತಿಲ್ಲ. ವಯನಾಡಿನಲ್ಲೂ ತೋಟವಿರುವ ಕೊಡಗಿನ ಬೆಳೆಗಾರರು ವಿನಾಯಿತಿಯ ಪ್ರಮಾಣಪತ್ರವನ್ನು ಜೊತೆಯಲ್ಲೇ ಇಟ್ಟುಕೊಳ್ಳುವುದು ಒಳಿತು.

ಬಂದೂಕಿದ್ದ ಮಾತ್ರಕ್ಕೆ ಹೊಡೆಯಬಹುದೆ?

ಕೂಡದು. ಆಯುಧದ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. ಕಾಡುಹಂದಿ ಈಗಿನ ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕಾರಿಯಾದ ಇಂತಹ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ 11ನೆಯ ಕಲಮಿನಂತೆ ಲಿಖಿತ ಅಪ್ಪಣೆ ಕೊಡಬಹುದು. ಆನೆ, ಕಾಟಿ, ಚಿರತೆ, ಕರಡಿ, ನವಿಲು ಮೊದಲನೆಯ ಅನುಸೂಚಿಯವು. ಬೆಳೆ ತಿಂದವೆಂಬ ಕಾರಣಕ್ಕೆ ಅವುಗಳ ಮೇಲೆ ಬಂದೂಕು ಎತ್ತುವ ಮಾತೇ ಇಲ್ಲ. ಉರುಳು ಹಾಕುವುದು, ವಿಷ ಇಡುವುದು, ಹೊಡೆಯಲು ಯತ್ನಿಸಿ ತಪ್ಪಿಸುವುದು, ಇವೆಲ್ಲವೂ ಕಾಯಿದೆಯ ಪ್ರಕಾರ ಬೇಟೆಯೇ. ತಂತಿಗೆ ನೇರವಾಗಿ ಮನೆಯ ವಿದ್ಯುತ್ತು ಕೊಡುವುದು ಹಂದಿಗಿಂತ ಮೊದಲು ಮನುಷ್ಯನನ್ನೇ ಕೊಲ್ಲುತ್ತದೆ. ಅಪ್ಪಣೆಯ ಮೇಲೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, 48 ಗಂಟೆಗಳೊಳಗೆ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ವರದಿ ಮಾಡಬೇಕು. ಊರವರು ಹಂಚಿಕೊಳ್ಳಲು ಬರುವುದಿಲ್ಲ.

ರಾಜ್ಯಕ್ಕೆ ರಾಜ್ಯಕ್ಕೆ ಪದ್ಧತಿ ಬೇರೆಯಾಗುವುದು ಇಲ್ಲಿಯೇ. ಕೇರಳ ಸರ್ಕಾರ 2022ರಲ್ಲಿ ಪಂಚಾಯತಿ ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರ ನೀಡಿತು. ಅಲ್ಲಿ ಪರವಾನಗಿಯ ಬಂದೂಕು ಉಳ್ಳವರಿಗೆ ಕೆಲಸ ದೊರೆಯಿತು. ತಮಿಳುನಾಡು 2025ರಲ್ಲಿ ಹೊರಡಿಸಿದ ಆದೇಶದಲ್ಲಿ ಮೀಸಲು ಅರಣ್ಯದ ಅಂಚಿನಿಂದ 3 ಕಿಲೋಮೀಟರ್ ಆಚೆಗೆ ಬಂದ ಹಂದಿಯನ್ನು ಹೊಡೆಯುವ ಕೆಲಸವನ್ನು ಅರಣ್ಯ ಇಲಾಖೆಯ ಸಿಬ್ಬಂದಿಗೆ ವಹಿಸಿತು, ರೈತನ ಕೈಗೆ ಕೊಡಲಿಲ್ಲ. ಹೀಗಾಗಿ ಗಡಿಯಾಚೆಯ ನೆಂಟ ಮಾಡಿದ್ದನ್ನು ನೋಡಿ ಈ ಕಡೆ ತಾನೂ ಮಾಡಹೊರಟವನು ಕೆಡುತ್ತಾನೆ. ಹೊಲ ಇರುವ ರಾಜ್ಯದ ವಲಯ ಅರಣ್ಯಾಧಿಕಾರಿಯನ್ನು ಕೇಳದೆ ಒಂದು ತೋಟೆಯನ್ನೂ ಹಾರಿಸಬೇಡಿ.

ಇನ್ನೊಂದು ಮಾತು. ಕತ್ತಲಲ್ಲಿ ಜೋಳದ ಸಾಲಿನೊಳಗೆ ಸರಸರ ಸದ್ದಾದರೆ ಅದು ಹಂದಿಯೇ ಆಗಿರಬೇಕಿಲ್ಲ. ಪಕ್ಕದ ಹೊಲ ಕಾಯಲು ಬಂದವನೋ ನೀರು ತಿರುಗಿಸಲು ಬಂದವನೋ ಇದ್ದಾನು. ಕಾಣದ ಗುರಿಗೆ ಹೊಡೆದು ಮನುಷ್ಯರೇ ಸತ್ತ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಹಂದಿಗೆ ದೃಷ್ಟಿ ಮಂದ, ಮೂಗು ಚುರುಕು. ಮುಸುಕಿನ ಜೋಳದ ಸುತ್ತ ಹರಳು, ಶೇಂಗಾದ ಸುತ್ತ ನಾಲ್ಕು ಸಾಲು ಮುಳ್ಳು ಕುಸುಬೆ ಒತ್ತಾಗಿ ಬಿತ್ತಿದರೆ ಹಾನಿ ತಗ್ಗುವುದು ಕಂಡುಬಂದಿದೆ. ಸೌರಶಕ್ತಿಯ ಬೇಲಿ ಹಾಕಲು ಆಗದವರಿಗೆ ಇದು ಕಡಿಮೆ ಖರ್ಚಿನದು, ಪರವಾನಗಿಯೂ ಬೇಡ. ಆನೆಯ ಮುಂದೆ ಮಾತ್ರ ಇದು ಯಾವುದೂ ನಡೆಯದು.

ಜಪ್ತಿಯಾದ ಬಂದೂಕು ಇನ್ನೂ ನ್ಯಾಯಾಲಯದ ವಶದಲ್ಲಿದೆ. ಕಳೆದ ಸಲ ನಾನು ಆ ಕಡೆ ಹೋದಾಗ ಆ ರೈತರು ತಮ್ಮ ಅಡಂಗಲ್‌ನ ನಕಲು ತೋರಿಸಿ, ಬೆಳೆಯ ಹೆಸರು ಸರಿಯಾಗಿ ಬಂದಿದೆಯೇ ಎಂದು ಕೇಳಿದರು. ತಮಿಳು ಅಕ್ಷರ ನನಗೆ ಬಾರದು. ಅವರ ಮಗಳು ಓದಿ ಹೇಳಿದಳು: ಜೋಳ, ಎರಡೂವರೆ ಎಕರೆ. ಹೊಲದ ಅಂಚಿಗೆ ಹರಳು ಆಗಲೇ ಮೊಣಕಾಲೆತ್ತರ ಬಂದಿತ್ತು.